ಮಿಲ್ಟ್ರಿ ತಾತನ ಟ್ರಂಕು: ಯುದ್ಧಕ್ಕೆ ಹೋದವರ ಕಥೆ ಹುಡುಕುವುದು ಹೇಗೆ?

"ನಮ್ಮ ತಾತ ಬರ್ಮಾ ಯುದ್ಧಕ್ಕೆ ಹೋಗಿದ್ರಂತೆ. ಮನೇಲಿ ಒಂದು ಮೆಡಲ್ ಇದೆ, ಒಂದು ಹಳೇ ಟ್ರಂಕಿದೆ. ಇದರಿಂದ ಏನಾದ್ರೂ ಗೊತ್ತಾಗುತ್ತಾ?"

ಕೋಲಾರ, ಬಂಗಾರಪೇಟೆ, ಚಿಂತಾಮಣಿ, ಗೌರಿಬಿದನೂರು ಕಡೆಯವರು ನನ್ನನ್ನು ಮತ್ತೆ ಮತ್ತೆ ಕೇಳುವುದು ಇದನ್ನೇ. ಗೊತ್ತಾಗುತ್ತದೆ. ಆದರೆ ಸುಮ್ನೆ ಮೆಡಲ್ ಫೋಟೊ ತೆಗೆದು ಗೂಗಲ್‌ಗೆ ಹಾಕಿದರೆ ಆಗುವುದಿಲ್ಲ. ಇದಕ್ಕೊಂದು ಕ್ರಮ ಇದೆ. ಕ್ರಮ ತಪ್ಪಿದರೆ ಕೈಯಲ್ಲಿರುವ ಸುಳಿವೂ ಹೋಗುತ್ತದೆ.

ನಮ್ಮ ಸೀಮೆಯಲ್ಲಿ ಎಷ್ಟೋ ಊರುಗಳ ಮುಂದೆ ವೀರಗಲ್ಲುಗಳಿವೆ. ದನ ಬಿಡಿಸಲು ಹೋಗಿ ಸತ್ತವನ ಹೆಸರು ಇವತ್ತಿಗೂ ಕಲ್ಲಿನ ಮೇಲೆ ಓದಲು ಸಿಗುತ್ತದೆ. 1942ರಲ್ಲಿ, ಎರಡನೇ ಮಹಾಯುದ್ಧಕ್ಕೆಂದು ಊರು ಬಿಟ್ಟು ಹೋದವರ ಕಥೆಗೆ ಕಲ್ಲಿಲ್ಲ. ಅದು ಅಟ್ಟದ ಮೇಲಿನ ಟ್ರಂಕಿನಲ್ಲಿದೆ, ಮನೆಯ ಹಿರಿಯರ ನೆನಪಿನಲ್ಲಿದೆ. ಟ್ರಂಕಿಗೆ ತುಕ್ಕು ಹಿಡಿಯುತ್ತಿದೆ, ಹಿರಿಯರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಹಾಗಾಗಿ ಇದನ್ನು ಓದಿ ಮುಗಿಸಿದ ವಾರವೇ ಶುರು ಮಾಡಿ ಎಂಬುದು ನನ್ನ ಬೇಡಿಕೆ.

ಬೇಕಾಗುವ ಸಾಮಾನು ಕಡಿಮೆ: ಒಂದು ನೋಟ್‌ಬುಕ್, ಪೆನ್ಸಿಲ್, ಮೊಬೈಲು, ಸಣ್ಣ ಟಾರ್ಚು, ಒಂದು ಭೂತಗನ್ನಡಿ, ಒಗೆದು ಒಣಗಿಸಿದ ಹತ್ತಿ ಬಟ್ಟೆ, ಹತ್ತಿಪ್ಪತ್ತು ಕಾಗದದ ಕವರು. ಪೆನ್ನು ಬೇಡ. ಹಳೇ ಕಾಗದದ ಹತ್ತಿರ ಶಾಯಿ ತರಲೇಬಾರದು.

1. ಟ್ರಂಕಿಗಿಂತ ಮೊದಲು ಅಜ್ಜಿ

ಎಲ್ಲರೂ ಮೊದಲು ಟ್ರಂಕು ತೆಗೆಯುತ್ತಾರೆ. ನೀವು ಹಾಗೆ ಮಾಡಬೇಡಿ. ಕಾಗದ ಮುಂದಿನ ತಿಂಗಳೂ ಇರುತ್ತದೆ. ತೊಂಬತ್ತು ದಾಟಿದವರ ವಿಷಯದಲ್ಲಿ ಹಾಗೆ ಹೇಳಲಾಗದು.

ಸೈನಿಕರು ಬದುಕಿದ್ದರೆ ಅವರನ್ನೇ ಕೇಳಿ. ಇಲ್ಲದಿದ್ದರೆ ಅವರ ಹೆಂಡತಿ, ತಂಗಿ, ಅತ್ತಿಗೆ, ತಮ್ಮನ ಮಕ್ಕಳು. "ಹೆಂಗಸರಿಗೆ ಯುದ್ಧದ್ದೇನು ಗೊತ್ತಿರುತ್ತೆ" ಎಂದು ಮನೆಯವರೇ ಪಕ್ಕಕ್ಕೆ ಸರಿಸುತ್ತಾರೆ. ಅದು ದೊಡ್ಡ ತಪ್ಪು. ಕಾಗದ ಬಂದ ದಿನ, ಮನಿ ಆರ್ಡರ್ ನಿಂತ ತಿಂಗಳು, ಟೆಲಿಗ್ರಾಂ ಓದಿ ಹೇಳಿದ ಮೇಷ್ಟ್ರು, ಇದೆಲ್ಲ ನೆನಪಿರುವುದು ಮನೆಯಲ್ಲಿ ಕಾದು ಕೂತವರಿಗೆ.

"ಯಾವ ಇಸವಿ?" ಅಂತ ಕೇಳಬೇಡಿ, ಗಾಬರಿಯಾಗುತ್ತಾರೆ. "ಅಜ್ಜಿ, ತಾತ ಮಿಲ್ಟ್ರಿಗೆ ಹೋದಾಗ ದೊಡ್ಡಪ್ಪ ಹುಟ್ಟಿದ್ರಾ? ಆ ವರ್ಷ ಮಳೆ ಆಗಿತ್ತಾ? ದುಡ್ಡು ಯಾರು ತಂದುಕೊಡ್ತಿದ್ರು?" ಅಂತ ಕೇಳಿ. ಇಸವಿ ತಾನಾಗಿ ಹೊರಬರುತ್ತದೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಆದರೆ ಕೇಳಿ ಮಾಡಿ. ಅರ್ಧ ಗಂಟೆಗಿಂತ ಜಾಸ್ತಿ ಕೂರಿಸಬೇಡಿ. ಇನ್ನೊಂದು ದಿನ ಹೋಗಿ.

ಸೈನಿಕರೇ ಎದುರಿಗಿದ್ದರೆ ಒಂದು ಎಚ್ಚರಿಕೆ. "ಎಷ್ಟು ಜನರನ್ನ ಹೊಡೆದ್ರಿ?" ಎಂಬ ಪ್ರಶ್ನೆ ಬಾಯಿಗೇ ಬರಬಾರದು. 1971ರ ಪಾಕಿಸ್ತಾನ ಯುದ್ಧಕ್ಕೆ ಹೋದವರಿರಲಿ, 1987ರಿಂದ 1990ರವರೆಗೆ ಭಾರತದ ಶಾಂತಿಪಡೆಯ ಜೊತೆ ಶ್ರೀಲಂಕಾದಲ್ಲಿದ್ದವರಿರಲಿ, ಅವರು ನೋಡಿದ್ದನ್ನು ಮನೆಯವರಿಗೂ ಹೇಳಿರುವುದಿಲ್ಲ. ಊಟದಿಂದ ಶುರು ಮಾಡಿ. ಮುದ್ದೆ ತಿಂದು ಬೆಳೆದವರಿಗೆ ಲಂಗರಿನಲ್ಲಿ, ಅಂದರೆ ಸೈನ್ಯದ ಅಡುಗೆಮನೆಯಲ್ಲಿ, ಏನು ಕೊಡುತ್ತಿದ್ದರು? ಮೊದಲ ಸಲ ಹಿಮ ನೋಡಿದ್ದು ಎಲ್ಲಿ? ಪಕ್ಕದ ಮಂಚದವರು ಯಾವ ಊರಿನವರು? ಅವರು ಸುಮ್ಮನಾದರೆ ನೀವೂ ಸುಮ್ಮನಿರಿ.

2. ಟ್ರಂಕು ತೆಗೆಯುವುದು

ಮುಚ್ಚಳ ತೆಗೆಯುವ ಮುನ್ನ ಹೊರಗಡೆ ನೋಡಿ. ಕಪ್ಪು ಬಣ್ಣದ ಮೇಲೆ ಬಿಳಿ ಅಕ್ಷರದಲ್ಲಿ ನಂಬರು, ಹೆಸರು, ಪಲ್ಟನ್ನಿನ, ಅಂದರೆ ಸೈನ್ಯದ ತುಕಡಿಯ, ಹೆಸರು ಬರೆಸಿರುತ್ತಾರೆ. ಬಣ್ಣ ಮಾಸಿದ್ದರೆ ಟಾರ್ಚನ್ನು ಪಕ್ಕದಿಂದ, ತಗಡಿಗೆ ಒರಗಿಸಿದಂತೆ ಹಿಡಿದು ನೋಡಿ. ನೇರ ಬೆಳಕಿನಲ್ಲಿ ಕಾಣದ ಅಕ್ಷರ ಓರೆ ಬೆಳಕಿನಲ್ಲಿ ಎದ್ದು ಕಾಣುತ್ತದೆ.

ತೆಗೆದ ಮೇಲೆ ಏನನ್ನೂ ಮುಟ್ಟದೆ ಮೇಲಿನಿಂದ ಒಂದು ಫೋಟೊ ತೆಗೆಯಿರಿ. ಯಾವುದು ಯಾವುದರ ಜೊತೆ ಇತ್ತು ಎಂಬುದೂ ಒಂದು ಸುಳಿವು. ಕಾಗದದ ಮಡಿಕೆಯೊಳಗೆ ಒಂದು ಫೋಟೊ ಇದ್ದರೆ, ಆ ಫೋಟೊ ಆ ಕಾಗದದ ಜೊತೆ ಬಂದಿರಬಹುದು. ಬೇರೆ ಬೇರೆ ಮಾಡಿಬಿಟ್ಟರೆ ಆ ಸಂಬಂಧ ಅಲ್ಲಿಗೇ ಮುಗಿಯಿತು. ಒಂದೊಂದೇ ತೆಗೆದು, ಪ್ರತಿಯೊಂದಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಸಂಖ್ಯೆ ಕೊಡಿ.

ಮಾಡಬಾರದ್ದು ಇಷ್ಟು:

ಮೆಡಲನ್ನು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ನಮ್ಮ ಮನೆಯಲ್ಲಿ ಹಬ್ಬಕ್ಕೆ ಪೂಜೆ ಸಾಮಾನಿನ ಜೊತೆ ಒಂದು ಮೆಡಲೂ ತೊಳೆಯಲು ಹೋಗಿತ್ತು. ಫಳಫಳ ಹೊಳೆಯಿತು ನಿಜ. ಅಂಚಿನ ಮೇಲಿದ್ದ ಅಕ್ಷರಗಳಲ್ಲಿ ಕೊನೆಯ ಮೂರು ಸವೆದಿದ್ದವು, ರಿಬ್ಬನ್ನಿನ ಬಣ್ಣ ಬಿಟ್ಟಿತ್ತು. ಬ್ರಾಸೊ, ವಿಭೂತಿ, ಟೂತ್‌ಪೇಸ್ಟು ಯಾವುದೂ ಬೇಡ. ಒಣ ಬಟ್ಟೆಯಲ್ಲಿ ಮೆಲ್ಲಗೆ ಧೂಳು ಒರೆಸಿದರೆ ಸಾಕು.

ಕಾಗದವನ್ನು ಲ್ಯಾಮಿನೇಷನ್ ಮಾಡಿಸಬೇಡಿ. ಆ ಬಿಸಿ, ಆ ಅಂಟು ಒಳಗಿನಿಂದ ಕಾಗದವನ್ನು ತಿನ್ನುತ್ತದೆ, ಮತ್ತೆ ಬಿಡಿಸಲು ಆಗುವುದಿಲ್ಲ. ಸೆಲ್ಲೊಟೇಪು ಕೂಡ ಅಷ್ಟೇ. ಗಾಜಿಗೆ ಅಂಟಿಕೊಂಡ ಫೋಟೊವನ್ನು ಕೀಳಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ನುಸಿಗುಳಿಗೆಯನ್ನು ಫೋಟೊಗಳ ಮೇಲೆಯೇ ಇಡಬೇಡಿ. ಗುಜರಿಯವರಿಗೆ, ಹಳೇ ನಾಣ್ಯ ಕೊಳ್ಳುವವರಿಗೆ ಏನನ್ನೂ ಕೊಡಬೇಡಿ. ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್ ಬೆಳ್ಳಿಯದು, ಹಾಗಾಗಿ ಕರಗಿಸುವ ಆಸೆ ಹುಟ್ಟುತ್ತದೆ. ಆದರೆ ಆ ಬೆಳ್ಳಿಯ ಅಂಚಿನಲ್ಲೇ ನಿಮ್ಮ ಮುತ್ತಾತನ ಹೆಸರಿರುತ್ತದೆ.

3. ನಂಬರು ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ

ಪ್ರತಿ ಸೈನಿಕರಿಗೂ ಒಂದು ಸರ್ವಿಸ್ ನಂಬರು ಇರುತ್ತದೆ. ಆರ್ಮಿ ನಂಬರು, ರೆಜಿಮೆಂಟಲ್ ನಂಬರು ಎಂದೂ ಕರೆಯುತ್ತಾರೆ. ಒಂದೇ ಹೆಸರಿನವರು ನೂರಾರು ಜನ ಇರುತ್ತಾರೆ, ಅದೇ ನಂಬರಿನವರು ಆ ಪಲ್ಟನ್ನಿನಲ್ಲಿ ಒಬ್ಬರೇ. ಟ್ರಂಕು, ಮೆಡಲಿನ ಅಂಚು, ಡಿಸ್ಚಾರ್ಜ್ ಬುಕ್, ಪೆನ್ಷನ್ ಪುಸ್ತಕ, ಕಾಗದಗಳ ವಿಳಾಸ, ಊಟದ ತಟ್ಟೆಯ ತಳ, ಬೆಲ್ಟಿನ ಒಳಭಾಗ, ಎಲ್ಲ ಕಡೆ ಹುಡುಕಿ.

ನಂಬರಿನ ಮುಂದೆ ಜೆಸಿ ಎಂದಿದ್ದರೆ ಅವರು ಜೂನಿಯರ್ ಕಮಿಷನ್ಡ್ ಆಫೀಸರ್ ಆಗಿದ್ದರು, ಅಂದರೆ ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್ ದರ್ಜೆ. ಹೀಗೆ ಬಡ್ತಿ ಸಿಕ್ಕಿದವರಿಗೆ ಸಿಪಾಯಿ ಕಾಲದ ಹಳೇ ನಂಬರು ಬೇರೆ ಇರುತ್ತದೆ. ಎರಡನ್ನೂ ಬರೆದುಕೊಳ್ಳಿ. 1965ಕ್ಕೆ ಮುಂಚೆ ನಾಯಬ್ ಸುಬೇದಾರ್ ದರ್ಜೆಗೆ ಜಮಾದಾರ್ ಎನ್ನುತ್ತಿದ್ದರು. ಜಮಾದಾರ್ ಅಂದರೆ ಕಸ ಗುಡಿಸುವ ಕೆಲಸ ಎಂದುಕೊಂಡು ಕಾಗದವನ್ನೇ ಮುಚ್ಚಿಟ್ಟ ಮನೆಗಳಿವೆ. ಅದು ಗೌರವದ ಹುದ್ದೆ.

4. ಮೆಡಲ್ ಓದುವುದು

ಮೆಡಲ್ ಎಂದರೆ ಶೌರ್ಯ ಪ್ರಶಸ್ತಿ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಮನೆಗಳಲ್ಲಿ ಇರುವ ಬಹುಪಾಲು ಮೆಡಲ್‌ಗಳು ಸೇವೆಗೆ ಕೊಟ್ಟವು. ಅದರಿಂದ ಆ ಸೈನಿಕರ ಬೆಲೆ ಕಡಿಮೆಯಾಗುವುದಿಲ್ಲ, ಆದರೆ ಇಲ್ಲದ್ದನ್ನು ಸೇರಿಸಬಾರದು.

ಆರು ಮೂಲೆಯ, ಹಳದಿ ಲೋಹದ ನಕ್ಷತ್ರ ಇದ್ದರೆ ಅದು ಎರಡನೇ ಮಹಾಯುದ್ಧದ್ದು. ಯಾವುದು ಎಂದು ನಕ್ಷತ್ರದ ಮೇಲೇ ಬರೆದಿರುತ್ತದೆ. ಆಫ್ರಿಕಾ ಸ್ಟಾರ್ ಇದ್ದರೆ 1940ರ ಜೂನ್‌ನಿಂದ 1943ರ ಮೇ ನಡುವೆ ಅವರು ಆ ಕಡೆ ಇದ್ದರು. ಇಟಲಿ ಸ್ಟಾರ್ ಅಂದರೆ 1943ರ ಜೂನ್‌ನಿಂದ 1945ರ ಮೇ. ಬರ್ಮಾ ಸ್ಟಾರ್ ಅಂದರೆ 1941ರ ಡಿಸೆಂಬರ್‌ನಿಂದ 1945ರ ಸೆಪ್ಟೆಂಬರ್. ಬಿಳಿ ಲೋಹದ ದುಂಡು ಮೆಡಲಿನ ಹಿಂದೆ ಭಾರತದ ನಕ್ಷೆ ಇದ್ದರೆ ಅದು ಇಂಡಿಯಾ ಸರ್ವಿಸ್ ಮೆಡಲ್, ದೇಶದೊಳಗೆ ಮೂರು ವರ್ಷ ಸೇವೆ ಮಾಡಿದವರಿಗೆ ಕೊಟ್ಟದ್ದು. ಸಿಂಹ ಒಂದು ಡ್ರ್ಯಾಗನ್ ಮೇಲೆ ನಿಂತಿದ್ದರೆ ಅದು 1939-45ರ ವಾರ್ ಮೆಡಲ್.

ಸ್ವಾತಂತ್ರ್ಯದ ನಂತರದವುಗಳಲ್ಲಿ 1965ರ ಯುದ್ಧಕ್ಕೆ ಎರಡು: ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಮೆಡಲ್. 1971ಕ್ಕೆ ಮೂರು: ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್. ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ರಕ್ಷಾ ಮೆಡಲನ್ನೂ ಸಂಗ್ರಾಮ್ ಮೆಡಲನ್ನೂ ಆಗ ಸೇವೆಯಲ್ಲಿದ್ದ ಬಹಳಷ್ಟು ಜನರಿಗೆ ಕೊಟ್ಟರು, ಅವರು ಗಡಿಗೆ ಹೋಗಿರಬೇಕೆಂದೇನೂ ಇರಲಿಲ್ಲ. ಸ್ಟಾರ್ ಇದ್ದರೆ ಮಾತು ಬೇರೆ. ಪೂರ್ವಿ ಅಂದರೆ ಬಾಂಗ್ಲಾ ಕಡೆ, ಪಶ್ಚಿಮಿ ಅಂದರೆ ಪಾಕಿಸ್ತಾನದ ಕಡೆ. ವಿದೇಶ ಸೇವಾ ಮೆಡಲಿನ ರಿಬ್ಬನ್ ಮೇಲೆ ಒಂದು ಲೋಹದ ಪಟ್ಟಿ ಇರುತ್ತದೆ, ಅದನ್ನು ಕ್ಲಾಸ್ಪ್ ಎನ್ನುತ್ತಾರೆ. ಅದರ ಮೇಲೆ ದೇಶದ ಹೆಸರಿರುತ್ತದೆ.

ಈಗ ಅಂಚು. ಮೆಡಲನ್ನು ನಾಣ್ಯದಂತೆ ನಿಲ್ಲಿಸಿ ಹಿಡಿಯಿರಿ. ಭೂತಗನ್ನಡಿಯ ಕೆಳಗೆ, ಓರೆ ಬೆಳಕಿನಲ್ಲಿ, ಮೆಲ್ಲಗೆ ತಿರುಗಿಸುತ್ತಾ ಹೋಗಿ. ಮೊದಲು ನಂಬರು, ಆಮೇಲೆ ದರ್ಜೆ, ಆಮೇಲೆ ಹೆಸರು, ಕೊನೆಗೆ ಪಲ್ಟನ್ನಿನ ಚುಟುಕು ಹೆಸರು. ಸ್ಪಷ್ಟವಾಗಿಲ್ಲದಿದ್ದರೆ ತೆಳು ಕಾಗದ ಸುತ್ತಿ ಮೆತ್ತನೆ ಪೆನ್ಸಿಲಿನಿಂದ ಸವರಿ, ಅಕ್ಷರ ಮೂಡುತ್ತದೆ. ಮೊದಲ ಮಹಾಯುದ್ಧದವುಗಳ ಮೇಲೆ ಹೆಸರಿರುತ್ತದೆ, 1914-15ರ ಸ್ಟಾರ್‌ನಲ್ಲಾದರೆ ಹಿಂಬದಿಯಲ್ಲಿ. ಎರಡನೇ ಮಹಾಯುದ್ಧದ ಎಷ್ಟೋ ಮೆಡಲ್‌ಗಳ ಮೇಲೆ ಹೆಸರೇ ಇರುವುದಿಲ್ಲ. ಹೆಸರಿಲ್ಲ ಅಂದ ಮಾತ್ರಕ್ಕೆ ನಕಲಿ ಅಲ್ಲ.

5. ಕಾಗದ, ಮನಿ ಆರ್ಡರ್ ಚೂರು, ಫೋಟೊ

ಕಾಗದದ ಒಳಗಿನದ್ದಕ್ಕಿಂತ ಹೊರಗಿನದ್ದು ಮೊದಲು. ಯುದ್ಧದ ಕಾಲದಲ್ಲಿ ತಾವೆಲ್ಲಿದ್ದೇವೆ ಎಂದು ಬರೆಯುವಂತಿರಲಿಲ್ಲ, ಕಾಗದವನ್ನು ಸೆನ್ಸಾರ್‌ನವರು, ಅಂದರೆ ಓದಿ ಪರೀಕ್ಷೆ ಮಾಡುವ ಅಧಿಕಾರಿಗಳು, ನೋಡಿ ಮುದ್ರೆ ಒತ್ತುತ್ತಿದ್ದರು. ಹಾಗಾಗಿ "ನಾನಿಲ್ಲಿ ಕ್ಷೇಮ" ಎಂದಷ್ಟೇ ಇರುತ್ತದೆ. ಆದರೆ ಅಂಚೆ ಮುದ್ರೆಯಲ್ಲಿ ಎಫ್‌ಪಿಒ ಮತ್ತು ಒಂದು ಸಂಖ್ಯೆ ಇರುತ್ತದೆ. ಫೀಲ್ಡ್ ಪೋಸ್ಟ್ ಆಫೀಸ್, ಸೈನ್ಯದ ಜೊತೆ ಜೊತೆಗೇ ಸಾಗುವ ಅಂಚೆ ಕಚೇರಿ. ಯಾವ ಸಂಖ್ಯೆಯ ಕಚೇರಿ ಯಾವ ತಿಂಗಳಲ್ಲಿ ಎಲ್ಲಿತ್ತು ಎಂಬ ಪಟ್ಟಿಗಳನ್ನು ಅಂಚೆಚೀಟಿ ಸಂಗ್ರಹಕಾರರು ಮಾಡಿದ್ದಾರೆ. ಮುದ್ರೆಯ ಸಂಖ್ಯೆ, ತಾರೀಕು ಸ್ಪಷ್ಟವಾಗಿದ್ದರೆ ಅವರ ಸಂಘಗಳವರನ್ನು ಕೇಳಿ. ಸ್ಟಾಂಪ್ ಕತ್ತರಿಸಿ ಮಕ್ಕಳಿಗೆ ಕೊಡಬೇಡಿ, ಮುದ್ರೆ ಅದರ ಜೊತೆಗೇ ಹೋಗುತ್ತದೆ.

ಈಚಿನ ಕಾಗದಗಳಲ್ಲಿ 56 ಎಪಿಒ ಅಥವಾ 99 ಎಪಿಒ ಎಂಬ ವಿಳಾಸ ಇರುತ್ತದೆ. ಅದು ಊರಲ್ಲ, ಎಪಿಒ ಎಂದರೆ ಆರ್ಮಿ ಪೋಸ್ಟ್ ಆಫೀಸ್, ಸೈನ್ಯದ ಅಂಚೆ ಕಚೇರಿ. 56 ಎಪಿಒ ದೆಹಲಿಯ ಮೂಲಕ, 99 ಎಪಿಒ ಕೋಲ್ಕತ್ತದ ಮೂಲಕ ಸೈನ್ಯಕ್ಕೆ ಹೋಗುವ ಅಂಚೆ. 99 ಎಂದಿದ್ದರೆ ಪೂರ್ವದ ಗಡಿ ಕಡೆ ಇದ್ದರು ಎಂದು ಹೇಳಬಹುದು.

ಮನಿ ಆರ್ಡರ್ ಫಾರಮ್ಮಿನ ಕೆಳಗಿನ ಚೂರು, ದುಡ್ಡು ತಲುಪಿದವರಿಗೆ ಕೊಡುತ್ತಿದ್ದದ್ದು, ಅದು ನನಗೆ ಎಲ್ಲಕ್ಕಿಂತ ಇಷ್ಟ. ಅಂಗೈಯಷ್ಟು ದಪ್ಪ ಕಾಗದ. ಒಂದು ಕಡೆ ಮೊತ್ತ, ಕಳಿಸಿದವರ ಹೆಸರು, ವಿಳಾಸ, ತಾರೀಕಿನ ಮುದ್ರೆ. ಇನ್ನೊಂದು ಕಡೆ ಎರಡು ಸಾಲು ಬರೆಯುವಷ್ಟು ಜಾಗ. ಆ ಎರಡು ಸಾಲಿನಲ್ಲಿ "ಹಸುಗೆ ಬೂಸಾ ತಗೊಳ್ಳಿ, ಮಗೂನ ಸ್ಕೂಲಿಗೆ ಸೇರಿಸಿ" ಅಂತಿರುತ್ತದೆ. ಇವನ್ನು ತಾರೀಕಿನ ಪ್ರಕಾರ ಸಾಲಾಗಿ ನೆಲದ ಮೇಲೆ ಜೋಡಿಸಿ. ಎಲ್ಲಿ ಎರಡು ಮೂರು ತಿಂಗಳು ಖಾಲಿ ಇದೆಯೋ ಅಲ್ಲಿ ನಿಲ್ಲಿ. ರಜೆಗೆ ಬಂದಿದ್ದರೋ, ಆಸ್ಪತ್ರೆಯಲ್ಲಿದ್ದರೋ, ಗಡಿಗೆ ಹೋಗಿದ್ದರೋ? ಆ ಖಾಲಿ ತಿಂಗಳುಗಳನ್ನು ಹಿಡಿದುಕೊಂಡು ಮತ್ತೆ ಅಜ್ಜಿಯ ಹತ್ತಿರ ಹೋಗಿ.

ಫೋಟೊದಲ್ಲಿ ಮುಖಕ್ಕಿಂತ ಟೋಪಿ, ಭುಜ, ಬೆಲ್ಟು ನೋಡಿ. ಟೋಪಿಯ ಬ್ಯಾಡ್ಜು ಯಾವ ರೆಜಿಮೆಂಟ್ ಎಂದು ಹೇಳುತ್ತದೆ. ತಲೆ ಮೇಲೆ ಎತ್ತರದ, ಡಬ್ಬಿಯಂಥ ಟೋಪಿ ಇದ್ದರೆ ಅದು ದುಪ್ಟಾ, ಮದ್ರಾಸ್ ಸ್ಯಾಪರ್ಸ್‌ನವರ ಗುರುತು. ಸ್ಯಾಪರ್ ಎಂದರೆ ಸೇತುವೆ ಕಟ್ಟುವ, ನೆಲಬಾಂಬು ತೆಗೆಯುವ ಸೈನಿಕ. ಅವರ ಕೇಂದ್ರ ಇರುವುದು ಬೆಂಗಳೂರಿನ ಹಲಸೂರಿನಲ್ಲಿ. ಫೋಟೊದ ಹಿಂದೆ ಸ್ಟುಡಿಯೊ ಮುದ್ರೆ ಇದೆಯಾ ನೋಡುವುದು ಮರೆಯಬೇಡಿ.

6. ಡಿಸ್ಚಾರ್ಜ್ ಬುಕ್ ಮತ್ತು ಪಿಪಿಒ

ಸೈನ್ಯದಿಂದ ಬಿಡುಗಡೆಯಾಗುವಾಗ ಕೊಡುವ ಪುಸ್ತಕ ಡಿಸ್ಚಾರ್ಜ್ ಬುಕ್. ಸೇರಿದ ದಿನ, ಬಿಟ್ಟ ದಿನ, ದರ್ಜೆ, ಮೆಡಲ್‌ಗಳು, ನಡತೆ, ಮೈಮೇಲಿನ ಗುರುತು, ಮನೆಯ ವಿಳಾಸ, ಎಲ್ಲ ಅದರಲ್ಲಿರುತ್ತದೆ. ಪಿಪಿಒ ಎಂದರೆ ಪೆನ್ಷನ್ ಪೇಮೆಂಟ್ ಆರ್ಡರ್, ಪಿಂಚಣಿ ಮಂಜೂರಾತಿ ಪತ್ರ. ಡಿಸ್ಚಾರ್ಜ್ ಬುಕ್ ಕಳೆದಿದ್ದರೂ ಪಿಪಿಒ ಇರುತ್ತದೆ, ಯಾಕೆಂದರೆ ಅಜ್ಜಿಗೆ ಫ್ಯಾಮಿಲಿ ಪೆನ್ಷನ್ ಬರುವುದು ಅದರಿಂದಲೇ.

ಓದುವಾಗ ನಮ್ಮ ಕಡೆಯವರು ಎಡವುವ ಜಾಗಗಳನ್ನು ಹೇಳುತ್ತೇನೆ.

ಜಿಲ್ಲೆ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೆ ಮುಂಚಿನ ಕಾಗದದಲ್ಲಿ ಶಿಡ್ಲಘಟ್ಟ, ಬಾಗೇಪಲ್ಲಿ, ಗೌರಿಬಿದನೂರಿನವರೆಲ್ಲ ಕೋಲಾರ ಜಿಲ್ಲೆಯವರೇ. "ಇದು ನಮ್ಮ ತಾತನದಲ್ಲ" ಎಂದು ಬದಿಗಿಡಬೇಡಿ.

ಊರಿನ ಹೆಸರು. ಬಂಗಾರಪೇಟೆಗೆ ಹಳೇ ಕಾಗದಗಳಲ್ಲಿ ಬೌರಿಂಗ್‌ಪೇಟ್ ಎಂದಿರುತ್ತದೆ. ಕೆಜಿಎಫ್ ಎಂದು ಬರೆಯದೆ ಊರಿಗಾಂ, ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ ಎಂದು ಅಂಚೆ ಕಚೇರಿಯ ಹೆಸರನ್ನೇ ಬರೆದಿರುತ್ತಾರೆ. ತುಮಕೂರು ಇಂಗ್ಲಿಷಿನಲ್ಲಿ ಟುಮ್ಕೂರ್ ಆಗಿತ್ತು.

ಹೆಸರು. ಮನೆಯಲ್ಲಿ ವೆಂಕಟರಮಣಪ್ಪ, ರೆಕಾರ್ಡಿನಲ್ಲಿ ವೆಂಕಟರಾಮನ್. ಭರ್ತಿ ಮಾಡಿಕೊಂಡ ಗುಮಾಸ್ತ ತನ್ನ ಕಿವಿಗೆ ಕೇಳಿದಂತೆ ಬರೆದಿದ್ದಾನೆ. ಅಪ್ಪ, ಅಯ್ಯ, ಸ್ವಾಮಿ ಎಂಬ ಕೊನೆಗಳು ಸುಲಭವಾಗಿ ಅದಲುಬದಲಾಗುತ್ತವೆ. ಐದಾರು ರೀತಿ ಬರೆದಿಟ್ಟುಕೊಂಡು ಹುಡುಕಿ. ತಂದೆಯ ಹೆಸರು, ಊರು, ನಂಬರು ಮೂರರಲ್ಲಿ ಎರಡಾದರೂ ಹೊಂದಬೇಕು.

ಹುಟ್ಟಿದ ದಿನ. ಅದನ್ನು ನಂಬಬೇಡಿ. ಆಳನ್ನು ನೋಡಿ ಅಂದಾಜಿನಲ್ಲಿ ವಯಸ್ಸು ಬರೆದದ್ದೇ ಹೆಚ್ಚು.

7. ತಾಲ್ಲೂಕು ಕಚೇರಿ

ಇದನ್ನು ಯಾರೂ ಯೋಚಿಸುವುದಿಲ್ಲ. ಸೈನ್ಯದಿಂದ ಬಂದವರು ಜಮೀನಿಗೆ ದರ್ಖಾಸ್ತು ಹಾಕುತ್ತಿದ್ದರು. ಕರ್ನಾಟಕದ 1969ರ ಭೂಮಂಜೂರಾತಿ ನಿಯಮಗಳಲ್ಲೂ ಸೈನಿಕರಿಗೆ, ಮಾಜಿ ಸೈನಿಕರಿಗೆ ಪಾಲು ಮೀಸಲಿದೆ. ನಿಮ್ಮ ಮನೆಯ ಜಮೀನು ಹಾಗೆ ಬಂದದ್ದಾದರೆ ಸಾಗುವಳಿ ಚೀಟಿಯಲ್ಲಿ ಆ ವಿಷಯ ಇರುತ್ತದೆ. ಸರ್ವೆ ನಂಬರು ಕೊಟ್ಟು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮಂಜೂರಾತಿ ಕಡತದ ನಕಲು ಕೇಳಿ. ಕಡತದೊಳಗೆ ಅವರು ಅರ್ಜಿ ಜೊತೆ ಲಗತ್ತಿಸಿದ ಡಿಸ್ಚಾರ್ಜ್ ಸರ್ಟಿಫಿಕೇಟಿನ ನಕಲು ಇರಬಹುದು. ಮನೆಯಲ್ಲಿ ಕಳೆದುಹೋದದ್ದು ಸರ್ಕಾರದ ಕಟ್ಟಿನಲ್ಲಿ ಸಿಕ್ಕಿಬಿಡಬಹುದು. ಒಂದೇ ದಿನದಲ್ಲಿ ಆಗುವ ಕೆಲಸವಲ್ಲ, ತಾಳ್ಮೆ ಬೇಕು.

8. ರೆಕಾರ್ಡ್ ಆಫೀಸಿಗೆ ಬರೆಯುವುದು

ಪ್ರತಿ ರೆಜಿಮೆಂಟಿಗೂ ಒಂದು ರೆಕಾರ್ಡ್ ಆಫೀಸ್ ಇರುತ್ತದೆ. ಸೈನಿಕರ ಸೇವಾ ದಾಖಲೆ, ಶೀಟ್ ರೋಲ್ ಎನ್ನುತ್ತಾರೆ, ಇರುವುದು ಅಲ್ಲಿ. ಮದ್ರಾಸ್ ಸ್ಯಾಪರ್ಸ್‌ನದು ಬೆಂಗಳೂರಿನಲ್ಲಿ, ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಿ, ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿಯಲ್ಲಿ, ತೋಪುಪಡೆಯದು ನಾಸಿಕದಲ್ಲಿ, ಸಂಪರ್ಕದ ಕೆಲಸ ನೋಡುವ ಸಿಗ್ನಲ್ಸ್‌ನದು ಜಬಲ್‌ಪುರದಲ್ಲಿ, ವಾಹನ, ಯಂತ್ರಗಳ ರಿಪೇರಿ ನೋಡುವ ಇಎಂಇಯದು ಸಿಕಂದರಾಬಾದಿನಲ್ಲಿ, ವಾಯುಪಡೆಯದು ದೆಹಲಿಯಲ್ಲಿ.

ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಒಂದು ಪುಟದ ಪತ್ರ ಸಾಕು. ನಂಬರು, ದರ್ಜೆ, ಹೆಸರು, ಸೇರಿದ ಮತ್ತು ಬಿಟ್ಟ ದಿನ, ನಿಮಗೂ ಅವರಿಗೂ ಇರುವ ಸಂಬಂಧ, ಏನು ಬೇಕು ಎಂಬುದು. "ಎಲ್ಲಾ ಮಾಹಿತಿ ಕೊಡಿ" ಎನ್ನಬೇಡಿ. ಸೇವೆ ಮಾಡಿದ ತುಕಡಿಗಳ ಪಟ್ಟಿ, ಭಾಗವಹಿಸಿದ ಕಾರ್ಯಾಚರಣೆಗಳು, ಪಡೆದ ಮೆಡಲ್‌ಗಳು, ಗಾಯದ ವಿವರ ಎಂದು ಬಿಡಿಸಿ ಕೇಳಿ. ವಂಶವೃಕ್ಷ, ಮರಣ ಪ್ರಮಾಣ ಪತ್ರ, ನಿಮ್ಮ ಗುರುತಿನ ಚೀಟಿಯ ಜೆರಾಕ್ಸ್ ಲಗತ್ತಿಸಿ. ಮೂಲ ಕಾಗದ ಮಾತ್ರ ಯಾವ ಕಾರಣಕ್ಕೂ ಕಳಿಸಬೇಡಿ. ಅಜ್ಜಿ ಇದ್ದರೆ ಅವರ ಸಹಿ ಅಥವಾ ಹೆಬ್ಬೆಟ್ಟಿನಲ್ಲೇ ಅರ್ಜಿ ಹೋಗಲಿ, ಅದಕ್ಕೆ ತೂಕ ಜಾಸ್ತಿ. ಉತ್ತರ ಬಾರದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಇದ್ದೇ ಇದೆ. ವಿಳಾಸ, ಫಾರಂ ವಿಷಯದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯವರನ್ನು ಕೇಳಬಹುದು.

ಬ್ರಿಟಿಷರ ಕಾಲದ ಸಿಪಾಯಿಗಳ ಸೇವಾ ದಾಖಲೆ ಲಂಡನ್ನಿನಲ್ಲಿದೆ ಎಂದು ಹೇಳಿ ದುಡ್ಡು ಕೀಳುವವರಿದ್ದಾರೆ. ಕೊಡಬೇಡಿ. ಲಂಡನ್ನಿನ ಕ್ಯೂ ಎಂಬ ಜಾಗದಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಸಿಗುವುದು ತುಕಡಿಗಳ ವಾರ್ ಡೈರಿ, ಅಂದರೆ ಪಲ್ಟನ್ನಿನ ದಿನಚರಿ. ಒಬ್ಬೊಬ್ಬ ಸಿಪಾಯಿಯ ಸೇವಾ ದಾಖಲೆ ಅಲ್ಲಿಗೆ ಹೋಗಲೇ ಇಲ್ಲ.

9. ಮೈಸೂರು ಮಹಾರಾಜರ ಸೈನ್ಯದಲ್ಲಿದ್ದವರು, ಮರಳಿ ಬಾರದವರು

ನಮ್ಮದು ಮೈಸೂರು ಸಂಸ್ಥಾನವಾಗಿತ್ತು, ಸಂಸ್ಥಾನಕ್ಕೆ ಬೇರೆಯೇ ಸೈನ್ಯವಿತ್ತು. ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ಪಡೆ 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾದಲ್ಲಿ ಹೋರಾಡಿತು. ಮೈಸೂರು ಇನ್‌ಫೆಂಟ್ರಿ 1942ರ ಫೆಬ್ರವರಿ 15ರಂದು ಸಿಂಗಾಪುರ ಶರಣಾದಾಗ ಅಲ್ಲಿತ್ತು. ಅಂಥವರ ಮನೆಗಳಲ್ಲಿ "ಜಪಾನಿನವರ ಜೈಲಿನಲ್ಲಿದ್ರು" ಎಂಬ ಮಾತು ಕೇಳಿದರೆ ಅದನ್ನು ಕಟ್ಟುಕಥೆ ಎಂದು ತಳ್ಳಿಹಾಕಬೇಡಿ. ಈ ಪಡೆಗಳಿಗೆ ಸೇರಿದ ಸಂಸ್ಥಾನದ ಕಡತಗಳನ್ನು ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ಹುಡುಕಬೇಕು. ಭಾರತದ ರಾಷ್ಟ್ರೀಯ ಪತ್ರಾಗಾರದ ಅಭಿಲೇಖ ಪಟಲ್ ಜಾಲತಾಣದಲ್ಲೂ ನೋಡಿ.

ಮರಳಿ ಬಾರದವರಿದ್ದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲಿ ಹೆಸರು ಹುಡುಕಬಹುದು, ದುಡ್ಡು ಕೊಡಬೇಕಿಲ್ಲ. ಮೊದಲ ಯುದ್ಧದಲ್ಲಿ 1914ರ ಆಗಸ್ಟ್‌ನಿಂದ 1921ರ ಆಗಸ್ಟ್‌ವರೆಗೆ, ಎರಡನೆಯದರಲ್ಲಿ 1939ರ ಸೆಪ್ಟೆಂಬರ್‌ನಿಂದ 1947ರ ಡಿಸೆಂಬರ್‌ವರೆಗೆ ತೀರಿಕೊಂಡವರ ಹೆಸರು ಅಲ್ಲಿದೆ. ಕೆಲವು ಹೆಸರುಗಳ ಜೊತೆ ತಂದೆಯ ಹೆಸರು, ಹೆಂಡತಿಯ ಹೆಸರು, ಊರು ಕೂಡ ಇರುತ್ತದೆ. ನಮ್ಮವರಲ್ಲಿ ದಹನವಾದವರಿಗೆ ಸಮಾಧಿ ಇರುವುದಿಲ್ಲ, ಸಿಂಗಾಪುರದ ಕ್ರಾಂಜಿ, ಬರ್ಮಾದ ತೌಕ್ಯಾನ್, ಇಂಫಾಲದ ಸ್ಮಾರಕಗಳ ಮೇಲೆ ಹೆಸರಿರುತ್ತದೆ. ಸ್ವಾತಂತ್ರ್ಯದ ನಂತರ ಮಡಿದವರ ಹೆಸರು ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿದೆ. ಅದು 2019ರಲ್ಲಿ ತೆರೆಯಿತು.

10. ಬರೆದಿಡುವುದು

ಸಿಕ್ಕಿದ್ದನ್ನೆಲ್ಲ ತಾರೀಕಿನ ಪ್ರಕಾರ ಒಂದೇ ಪಟ್ಟಿ ಮಾಡಿ. ಪ್ರತಿ ಸಾಲಿನ ಪಕ್ಕ ಅದು ಎಲ್ಲಿಂದ ಬಂತು ಎಂದು ಬರೆಯಿರಿ: ಕಾಗದದ್ದೋ, ಮೆಡಲಿನದ್ದೋ, ಅಜ್ಜಿ ಹೇಳಿದ್ದೋ, ನಿಮ್ಮ ಊಹೆಯೋ. ಅಜ್ಜಿ ಹೇಳಿದ್ದಕ್ಕೂ ಕಾಗದಕ್ಕೂ ಹೊಂದದಿದ್ದರೆ ಎರಡನ್ನೂ ಬರೆಯಿರಿ. ಯಾವುದನ್ನೂ ಅಳಿಸಬೇಡಿ. ಕಾಗದ ತಪ್ಪಾಗಿರುವುದೂ ಉಂಟು.

ನಂಬರು, ಪಿಪಿಒ, ಬ್ಯಾಂಕ್ ಪುಸ್ತಕದ ಫೋಟೊಗಳನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಪೆನ್ಷನ್ ಹೆಸರಿನಲ್ಲಿ ಮೋಸ ಮಾಡುವವರಿಗೆ ಅಷ್ಟೇ ಸಾಕು. ಮನೆಯಲ್ಲಿ ಇನ್ನೂ ಸೇವೆಯಲ್ಲಿರುವವರಿದ್ದರೆ ಅವರ ತುಕಡಿ, ಜಾಗದ ವಿಷಯ ಬರಹಕ್ಕೆ ಬರಲೇಕೂಡದು.

ಆಮೇಲೆ ಒಂದೊಂದು ವಸ್ತುವನ್ನೂ ಹತ್ತಿ ಬಟ್ಟೆಯಲ್ಲಿ ಸುತ್ತಿ ಕವರಿಗೆ ಹಾಕಿ. ಫೋಟೊದ ಹಿಂದೆ ಪೆನ್ಸಿಲಿನಲ್ಲಿ, ಮೆಲ್ಲಗೆ, ಹೆಸರು ಮತ್ತು ಇಸವಿ. ಸ್ಕ್ಯಾನ್ ಮಾಡಿದ್ದರ ಒಂದು ಪ್ರತಿ ಬೇರೆ ಊರಿನಲ್ಲಿರುವ ತಂಗಿಯ ಮನೆಯಲ್ಲಿ ಇರಲಿ. ಟ್ರಂಕನ್ನು ಅಟ್ಟದಿಂದ ಇಳಿಸಿ, ಗೋಡೆಗೆ ತಾಗದಂತೆ ಎರಡು ಇಟ್ಟಿಗೆಯ ಮೇಲೆ ಇಡಿ. ನೋಟ್‌ಬುಕ್ಕನ್ನು ಅದರೊಳಗೇ, ಎಲ್ಲಕ್ಕಿಂತ ಮೇಲೆ ಇಟ್ಟು ಮುಚ್ಚಳ ಹಾಕಿ.